ವರ್ಷ ವರ್ಷವೂ ಬಣ್ಣ ಕೇಳುವ ಗೋಡೆ

ಬೇರೆಯವರ ಮನೆ ಚಂದ ಮಾಡಿಕೊಡುವುದು ಅವಳ ಕಸುಬು. ಇಂಟೀರಿಯರ್ ಡಿಸೈನರ್. ತಾನಿರುವುದು ಮಾತ್ರ ಬಾಡಿಗೆ ಮನೆ, ಅದೂ ಮಹಡಿ ಮೇಲೆ. ಕೆಳಗೆ ಓನರಮ್ಮ ಒಬ್ಬರೇ. ಮುಂದಿನ ಕೋಣೆಗೆ ಒಂದು ದೊಡ್ಡ ಕಿಟಕಿ, ಬೆಳಗಿನಿಂದ ಸಂಜೆತನಕ ಬೆಳಕು. ಆ ಕಿಟಕಿ ಕೆಳಗೆ ಮೇಜು ಹಾಕಿಕೊಂಡು ನಕ್ಷೆ ಬರೆಯುತ್ತಿದ್ದಳು. ಮಗಳ ಸ್ಕೂಲು ಬೀದಿ ಕೊನೆಯಲ್ಲೇ. ಇಂಥ ಮನೆ ಸಿಕ್ಕಿದ್ದೇ ಪುಣ್ಯ ಅಂತ ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿ ಕಚ್ಚಿಕೊಂಡು ಕೂತಿದ್ದರು.

ಕೆಲಸ ತೆಳ್ಳಗಾದ ಒಂದು ವರ್ಷ, ಸುಮ್ಮನೆ ಕೂತರೆ ತಲೆ ಕೆಡುತ್ತದೆ ಅಂತ ಬ್ಲಾಗ್ ಶುರು ಮಾಡಿದಳು. ಮೊದಮೊದಲು ಬರೆದಿದ್ದೆಲ್ಲ ದೊಡ್ಡ ದೊಡ್ಡ ಮಾತು. ಬೆಳಕಿಗೂ ನೆರಳಿಗೂ ಏನು ಸಂಬಂಧ, ಪರದೆಯ ಬಣ್ಣಕ್ಕೂ ಮನಸ್ಸಿಗೂ ಏನು ನಂಟು, ಇಂಥವೇ. ಓದಿದವರು ಅಂದರೆ ಅವಳ ತಂಗಿ ಮತ್ತು ಗಂಡ. ಗಂಡ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಓದಿ ಮುಗಿಸಿ ಹೇಳಿದ:

"ಚೆನ್ನಾಗಿದೆ. ನಿದ್ದೆ ಮಾತ್ರೆ ಕೇಳ್ಕೊಂಡು ಬರೋರಿಗೆ ಇನ್ಮೇಲೆ ಇದನ್ನೇ ಕೊಡ್ತೀನಿ."

ಆ ಸಿಟ್ಟಿನಲ್ಲಿ ಅಡುಗೆಮನೆಗೆ ಹೋಗಿ ಡ್ರಾಯರ್ ಎಳೆದಳು. ಅದೂ ಸಿಕ್ಕಿಹಾಕಿಕೊಂಡಿತು. ಮೇಣದಬತ್ತಿಯ ತುಂಡು ತಂದು ಅದು ಜಾರುವ ಪಟ್ಟಿಗೆ ಉಜ್ಜಿದಳು. ಬೆಣ್ಣೆಯ ಹಾಗೆ ಜಾರಿತು. ಅದನ್ನೇ ಫೋಟೊ ತೆಗೆದು, ನಾಲ್ಕು ಸಾಲು ಗೀಚಿ ಬ್ಲಾಗಿಗೆ ಹಾಕಿದಳು. ಮಾರನೇ ದಿನ ನೋಡಿದರೆ ಗುರುತು ಪರಿಚಯ ಇಲ್ಲದವರೆಲ್ಲ ಓದಿದ್ದಾರೆ. "ಅಕ್ಕಾ, ನಮ್ಮನೆ ಸಿಂಕ್ ವಾಸನೆ ಹೊಡೀತಿದೆ, ಏನ್ ಮಾಡ್ಲಿ?" "ಬಾಗಿಲು ಕಿರ್ ಅನ್ನುತ್ತೆ, ಮಗು ಏಳುತ್ತೆ, ಉಪಾಯ ಹೇಳಿ." ಜನ ಇರೋದೇ ಹಾಗೆ. ಪರದೆಯ ತತ್ವ ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಬಾಗಿಲು ಸದ್ದು ಮಾಡಬಾರದು, ನಲ್ಲಿ ಸೋರಬಾರದು, ಅಷ್ಟೇ. ಅವಳಿಗೆ ಮೊದಲು ಸ್ವಲ್ಪ ಬೇಜಾರಾಯಿತು, ಓದಿದ್ದೆಲ್ಲ ಸಿಂಕ್ ತೊಳೆಯೋಕಾ ಅಂತ. ಆಮೇಲೆ ರುಚಿ ಹತ್ತಿತು. ಬಾಗಿಲ ಕೀಲುಗಳಿಗೆ ಪೆನ್ಸಿಲ್ ಸೀಸ ಉಜ್ಜಿ ಅಂತ ಬರೆದಳು. ಬೀರುವನ್ನು ಗೋಡೆಗೆ ಅಂಟಿಸಿ ಇಡಬೇಡಿ, ಒಂದು ಗೇಣು ಬಿಡಿ, ಗೋಡೆಯೂ ಉಸಿರಾಡಬೇಕು ಅಂತ ಬರೆದಳು. ತನ್ನ ಮನೆಯಲ್ಲಿ ಮಾಡಿ ನೋಡದ ಒಂದು ಮಾತನ್ನೂ ಬರೆಯುತ್ತಿರಲಿಲ್ಲ, ಅದು ಅವಳ ಹಟ.

ಹೀಗಿರುವಾಗ ಮಲಗುವ ಕೋಣೆಯ ಗೋಡೆ ಮತ್ತೆ ಬೆವರಿತು. ಮಳೆ ಹಿಡಿದರೆ ಸಾಕು, ಆ ಗೋಡೆಯ ಮೇಲ್ಭಾಗ ಒದ್ದೆಯಾಗಿ, ಬಣ್ಣ ಗುಳ್ಳೆಗಟ್ಟಿ, ಬೂಸ್ಟು ಹಿಡಿಯುತ್ತಿತ್ತು. ಮಳೆ ನಿಂತ ಮೇಲೆ ಓನರಮ್ಮ ತಪ್ಪದೆ ಬಣ್ಣ ಹೊಡೆಸುತ್ತಿದ್ದರು. "ವರ್ಷ ವರ್ಷ ಬಣ್ಣ ಹೊಡೆಸಿಕೊಡೋ ಓನರ್ ಈ ಬೀದೀಲಿ ಇನ್ನೊಬ್ರು ಇದ್ರೆ ತೋರಿಸಮ್ಮ" ಅಂತ ಜಂಬ ಬೇರೆ. ಬಣ್ಣ ಹೊಡೆಯಲು ಬರುವವನು ಅವರ ಸ್ವಂತ ತಮ್ಮ. ಒಂದೇ ಒಂದು ಗೋಡೆಗೆ ಅವನು ಮೂರ್ನಾಲ್ಕು ದಿನ ಎಳೆಯುತ್ತಿದ್ದ. ಬೆಳಿಗ್ಗೆ ಬಂದು ಕೆರೆಯುವುದು, ಕೆಳಗೆ ಹೋಗಿ ಟೀ ಕುಡಿಯುವುದು, ಮತ್ತೆ ಒಂದಿಷ್ಟು ಉಪ್ಪುಕಾಗದ ಉಜ್ಜುವುದು, ಕೆಳಗೆ ಹೋಗಿ ಊಟ ಮಾಡುವುದು. ಇವನಂಥ ಸೋಮಾರಿಯನ್ನು ನಾನು ಕೆಲಸಕ್ಕೆ ಇಟ್ಟುಕೊಂಡರೆ ನನ್ನ ಅಂಗಡಿ ಮುಚ್ಚಿದ ಹಾಗೇ ಅಂದುಕೊಂಡಿದ್ದಳು ಅವಳು.

ಈ ಸಲ ಬಣ್ಣಕ್ಕೆ ಮುಂಚೆ ಪರೀಕ್ಷೆ ಮಾಡಿದಳು. ಒಂದು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಬಿಟ್ಟಳು. ಹನಿ ಹಾಳೆಯ ಹೊರಗಡೆ ಕೂತರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಮುಗಿಯಿತು. ಹಾಳೆಯ ಹಿಂದೆ, ಗೋಡೆ ಕಡೆಗೆ ಕೂತರೆ ಗೋಡೆಯೇ ನೀರು ಕುಡಿದಿದೆ ಅಂತ ಅರ್ಥ. ತೆಗೆದು ನೋಡಿದರೆ ಹಿಂದೆ ಪೂರ್ತಿ ಹನಿ. ತಾರಸಿ ಹತ್ತಿದಳು. ಕೆಲಸದವಳು ಬಂದು ನೀರು ಹಾಕಿಹೋಗುವ ಓನರಮ್ಮನ ಹೂಕುಂಡಗಳು ಸಾಲಾಗಿ ಕೂತಿದ್ದವು, ಸರಿಯಾಗಿ ಮಳೆನೀರು ಇಳಿದುಹೋಗುವ ಪೈಪಿನ ಬಾಯಿ ಮುಚ್ಚಿಕೊಂಡು. ಕುಂಡದ ಮಣ್ಣು, ಒಣಗಿದ ಎಲೆ ಎಲ್ಲ ಸೇರಿ ಬಿರಡೆ ಜಡಿದ ಹಾಗಾಗಿತ್ತು. ನೀರು ನಿಂತೂ ನಿಂತೂ ಮೋಟುಗೋಡೆಯ ಬುಡದಲ್ಲಿ ಉದ್ದಕ್ಕೂ ಬಿರುಕು.

ಅಂದೇ ಬ್ಲಾಗಿನಲ್ಲಿ ಬರೆದಳು, "ಬಣ್ಣ ಬಳಿಯುವ ಮುಂಚೆ ಕಾರಣ ಹುಡುಕಿ." ಫೋಟೊ ಸಮೇತ. ಬರೆಯುವ ಹುರುಪಿನಲ್ಲಿ ಒಂದು ಸಾಲು ಜಾಸ್ತಿಯೇ ಬರೆದಳು: ವರ್ಷ ವರ್ಷ ಕೆಲಸ ಸಿಗುತ್ತಿರುವಾಗ ಪೇಂಟರ್ ಯಾಕೆ ಬಾಯಿ ಬಿಡುತ್ತಾನೆ?

ಅದು ಎಲ್ಲೆಲ್ಲೋ ಓಡಿತು. ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುವ ಮೇಡಂ ಒಬ್ಬರು ಫೋನ್ ಮಾಡಿ, ನಮ್ಮ ಕಟ್ಟಡವನ್ನೂ ಒಂದು ಸಲ ನೋಡಿ, ಹಾಗೇ ಒಳಗಿನ ಕೋಣೆಗಳನ್ನೂ ಹೊಸದಾಗಿ ಮಾಡಿಕೊಡಿ ಅಂದರು. ಅವಳು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಓನರಮ್ಮನ ಚಪ್ಪಲಿ ಸದ್ದು. ಅವರು ಮಂಡಿನೋವಿನವರು, ಮೇಲೆ ಹತ್ತುವವರೇ ಅಲ್ಲ.

"ಏನಮ್ಮ ಇದು, ನನ್ನ ಮನೆ ಮಾನ ಊರಿಗೆಲ್ಲ ಹಂಚ್ತಾ ಇದ್ದೀಯ?"

"ಆಂಟಿ, ಯಾರ ಮನೆ ಅಂತ ನಾನು ಎಲ್ಲೂ ಬರ್ದಿಲ್ಲ."

"ಬರೀಬೇಕಾ? ಕುಂಡ ನೋಡಿದ್ರೆ ಗೊತ್ತಾಗಲ್ವಾ? ಹೋಗ್ಲಿ, ಮನೆ ವಿಷಯ ಬಿಡು. ಪೇಂಟರ್ ಬಾಯಿ ಬಿಡಲ್ಲ ಅಂದ್ಯಲ್ಲ, ಅದನ್ನ ಯಾರೋ ಪುಣ್ಯಾತ್ಮ ನನ್ನ ತಮ್ಮನಿಗೆ ತೋರ್ಸಿದ್ದಾನೆ. ನಿನ್ನ ಬಾಡಿಗೆಯವರು ನನ್ನನ್ನ ಕಳ್ಳ ಅಂತಾರೆ, ಇನ್ಮೇಲೆ ನಾನು ಆ ಮನೆ ಮೆಟ್ಟಿಲು ತುಳಿಯಲ್ಲ ಅಂತ ಫೋನಲ್ಲೇ ಹೇಳಿ ಇಟ್ಬಿಟ್ಟ."

"ಅದು ಒಬ್ರಿಗೆ ಅಂತ ಹೇಳಿದ್ದಲ್ಲ ಆಂಟಿ."

"ತಿಂಗಳು ಮುಗಿಯೋ ಹೊತ್ತಿಗೆ ಬೇರೆ ಮನೆ ನೋಡ್ಕೊಳ್ಳಿ" ಅಂದವರೇ ಮೆಟ್ಟಿಲ ಕಂಬಿ ಹಿಡಿದು ಇಳಿದೇಬಿಟ್ಟರು.

ಸಂಜೆ ಗಂಡ ಬಂದ. ಕೇಳಿ ಅವನ ಮುಖ ಸಣ್ಣಗಾಯಿತು.

"ಬರೆದಿದ್ದನ್ನ ಅಳಿಸಿಬಿಡು ಅತ್ಲಾಗೆ."

"ಅಳಿಸಿದ್ರೆ ಗೋಡೆ ಒಣಗುತ್ತೇನ್ರೀ?"

"ಗೋಡೆ ಒಣಗಲ್ಲ. ನಾವು ಬೀದೀಲಿ ನೆನೆಯೋದು ತಪ್ಪುತ್ತೆ."

ಅವಳಿಗೆ ಮೈ ಉರಿಯಿತು. ಸುಳ್ಳು ಬರೆದಿದ್ದರೆ ಅಳಿಸಬಹುದಿತ್ತು. ಬರೆದಿದ್ದು ನಿಜ. ನಿಜ ಹೇಳಿದ್ದಕ್ಕೆ ಕಿಟಕಿ, ಮೇಜು, ಮಗಳ ಸ್ಕೂಲು ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು ಅಂದರೆ ಯಾರಿಗೆ ತಾನೇ ಉರಿಯೋಲ್ಲ? ಆದರೂ ಬೆಳಿಗ್ಗೆ ಎದ್ದು ಕೆಳಗೆ ಹೋದಳು. ಓನರಮ್ಮ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು. ಕೂತ್ಕೋ ಅನ್ನಲಿಲ್ಲ. ಅವಳೇ ಕೂತಳು, ಒಂದು ಟವೆಲ್ ಎತ್ತಿಕೊಂಡು ತಾನೂ ಮಡಚಿದಳು.

"ಆಂಟಿ, ಆ ಸಾಲು ನಿನ್ನೇನೇ ತೆಗೆದೆ. ಗೊತ್ತಿಲ್ದೆ ಒಬ್ರ ಕಸುಬಿನ ಮೇಲೆ ಮಾತಾಡಿದ್ದು ನಂದೇ ತಪ್ಪು. ಆದ್ರೆ ತಾರಸಿ ರಿಪೇರಿ ಮಾಡಿಸಿ. ನಾವು ಹೋದ್ಮೇಲೆ ಬರೋರ ಕಾಲಕ್ಕೂ ಗೋಡೆ ಬೆವರುತ್ತೆ."

"ಬೆವರಲಿ ಬಿಡು."

"ಯಾಕೆ ಹಾಗಂತೀರ?"

ಓನರಮ್ಮ ದಿಂಬಿನ ಚೀಲವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಹಿಂದೆ ನನ್ನ ತಮ್ಮ ದಿನಾ ಬರೋನು. ಒಂದಿನ ನನಗೆ ಏನೋ ತಲೆ ಕೆಟ್ಟಿತ್ತು. ಅವನ ಹೆಂಡ್ತಿ ಎದುರಿಗೇ, ಬಂದಾಗೆಲ್ಲ ಉಂಡು ಹೋಗೋಕೇ ಬರ್ತೀಯ ಅಂದ್ಬಿಟ್ಟೆ. ತಮಾಷೆಗೆ ಅಂದಿದ್ದು ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಅವತ್ತಿಂದ ಸುಮ್ನೆ ಬಂದಿದ್ದೇ ಇಲ್ಲ. ಕೆಲಸ ಇದ್ರೆ ಕರಿ, ಬರ್ತೀನಿ ಅಂದ. ಕೆಲಸದ ದಿನ ಮಾತ್ರ ಊಟ ಮಾಡ್ತಾನೆ. ಈಗ ಹೇಳು, ಗೋಡೆ ಒಣಗಿಬಿಟ್ರೆ ಅವನು ಯಾಕೆ ಬರ್ತಾನೆ?"

ಎಷ್ಟೊಂದು ಒದ್ದೆ ಗೋಡೆ ನೋಡಿದವಳು ಅವಳು. ಇಂಥ ಕಾರಣಕ್ಕೆ ಒದ್ದೆಯಾಗಿದ್ದ ಗೋಡೆಯನ್ನು ನೋಡಿರಲಿಲ್ಲ.

ಅಲ್ಲಿಂದ ನೆಟ್ಟಗೆ ಪೇಂಟರನ್ನು ಹುಡುಕಿಕೊಂಡು ಹೋದಳು. ಅವನು ಒಂದು ಅಂಗಡಿಯ ಶಟರ್‌ಗೆ ಹಸಿರು ಬಳಿಯುತ್ತಿದ್ದ. ಕೈ ಏನು ಚುರುಕು. ಇವಳು ನಿಂತು ನೋಡುವಷ್ಟರಲ್ಲಿ ಅರ್ಧ ಶಟರ್ ಮುಗಿಯಿತು. ಸೋಮಾರಿ ಅಂದುಕೊಂಡಿದ್ದು ಇವನನ್ನೇನಾ?

"ಕಳ್ಳನ್ನ ನೋಡೋಕೆ ಬಂದ್ರಾ ಮೇಡಂ?"

"ಬೈಸ್ಕೊಳ್ಳೋಕೆ ಬಂದೆ. ಬೈದು ಮುಗಿಸಿ, ಆಮೇಲೆ ಮಾತಾಡೋಣ."

ಅವನು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. ಬೈಯಲಿಲ್ಲ.

"ನೀವು ಬರೆದಿದ್ದು ಸರೀನೇ. ನೀರು ಎಲ್ಲಿಂದ ಇಳಿಯುತ್ತೆ ಅಂತ ನನಗೆ ಗೊತ್ತಿಲ್ವಾ? ಮೊದಲ್ನೇ ವರ್ಷಾನೇ ಗೊತ್ತಾಯ್ತು. ಅಕ್ಕನಿಗೆ ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ಅಲ್ಲಿಗೆ ಮುಗೀತಲ್ಲ. ಮುಂದಿನ ವರ್ಷ ಏನಂತ ಹೋಗ್ಲಿ?" ಅಂದ. ಕಿವಿ ಕೆಂಪಾಗಿತ್ತು. "ಮರ್ಯಾದೆ ಹೋಗಿದ್ದು ಕಳ್ಳ ಅಂದಿದ್ದಕ್ಕಲ್ಲ ಮೇಡಂ. ನೆಪ ಇಟ್ಕೊಂಡು ಬರ್ತಿದ್ದಿದ್ದು ಅಕ್ಕನಿಗೆ ಗೊತ್ತಾಗೋಯ್ತಲ್ಲ ಅಂತ."

ಅವಳಿಗೆ ಒಂದು ಕಡೆ ನಗು ಬಂತು, ಒಂದು ಕಡೆ ರೇಗಿತು. ಅಕ್ಕ ತಮ್ಮ ಇಬ್ಬರೂ ಸೇರಿ, ಒಬ್ಬರಿಗೊಬ್ಬರು ಬಾಯಿ ಬಿಡದೆ, ಇಷ್ಟು ವರ್ಷ ತನ್ನ ತಲೆದಿಂಬಿನ ಮೇಲ್ಗಡೆ ಬೂಸ್ಟು ಬೆಳೆಸಿದ್ದಾರೆ.

"ನೋಡಿ" ಅಂದಳು, "ಮನೆ ನೋಡೋದೇ ನನ್ನ ಕಸುಬು. ಕೆಲಸಕ್ಕೇನು ಬರಗಾಲ? ಕೆಳಗಿನ ಕಿಟಕಿ ಗ್ರಿಲ್ ತುಕ್ಕು ತಿಂದಿದೆ. ಹಿಂಬಾಗಿಲಿನ ಚೌಕಟ್ಟು ಬುಡದಲ್ಲಿ ಮೆತ್ತಗಾಗಿದೆ. ಗೇಟು ನೆಲ ಕೆರೀತಿದೆ. ಒಂದು ಮುಗಿಸೋ ಹೊತ್ತಿಗೆ ಇನ್ನೊಂದು ಕೈ ಎತ್ತುತ್ತೆ, ಮನೆ ಅಂದ್ರೆ ಅದೇ. ತಾರಸಿಯಿಂದ ಶುರು ಮಾಡಿ. ನೀವು ಮುದುಕ ಆಗೋವರ್ಗೂ ಕೆಲಸ ಇದೆ."

"ಈಗೇನು ಹುಡುಗನ ಥರ ಕಾಣ್ತೀನಾ?"

"ಅಕ್ಕನ ಹತ್ರ ಮುನಿಸ್ಕೊಳ್ಳೋದು ನೋಡಿದ್ರೆ ಹಾಗೇ ಕಾಣ್ತೀರ."

ಅವನು ಬರುತ್ತೇನೆ ಅನ್ನಲಿಲ್ಲ, ಬರೋಲ್ಲ ಅಂತಲೂ ಅನ್ನಲಿಲ್ಲ. ಅವಳು ವಾಪಸ್ ಬಂದು, ಮನೆ ಹುಡುಕಲು ಗಂಡ ಕೇಳಿಕೊಂಡು ಬಂದಿದ್ದ ನಂಬರುಗಳಿಗೆ ಫೋನ್ ಮಾಡುತ್ತಾ ಕೂತಳು. ಒಂದು ಮನೆಗೆ ಕಿಟಕಿಯೇ ಇಲ್ಲ, ಇನ್ನೊಂದರ ಓನರಿಗೆ ಮಕ್ಕಳ ಸದ್ದು ಆಗೋಲ್ಲ.

ವಾರದ ಕೊನೆಗೆ ಬೆಳಿಗ್ಗೆ ತಲೆ ಮೇಲೆ ದಡಬಡ ಸದ್ದು. ತಾರಸಿಗೆ ಓಡಿದರೆ ಪೇಂಟರ್ ಕುಂಡಗಳನ್ನು ಎತ್ತಿ ಎತ್ತಿ ಪಕ್ಕಕ್ಕಿಡುತ್ತಿದ್ದ. ಮಂಡಿನೋವಿನ ಓನರಮ್ಮ ಅಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಮೆಲ್ಲಗೋ. ಅದು ಮೊಗ್ಗು ಬಿಟ್ಟಿದೆ."

"ಮೊಗ್ಗು ಬಿಡ್ತಾ ಬಿಡ್ತಾ ನಿನ್ನ ಮನೆ ಸೋರ್ತಾ ಇದೆ ಅಕ್ಕ."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಲ್ಲ, ಈಗ ಯಾಕೆ ಮಾತು?"

"ನೀನು ಬಾಯಿ ಬಿಟ್ಟು ಆಗಿದ್ದು ಸಾಲ್ದಾ?"

ಮತ್ತೆ ಆ ಹಳೇ ಜಗಳ ಶುರುವಾಯಿತು ಅಂದುಕೊಂಡಳು ಅವಳು. ಆದರೆ ಓನರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ತಮ್ಮ ಬೆನ್ನು ತಿರುಗಿಸಿಕೊಂಡು ಪೈಪಿನ ಬಾಯಿಯಿಂದ ಮಣ್ಣಿನ ಹೆಂಟೆ ಕೀಳುತ್ತಿದ್ದ. ಆ ಬೆನ್ನೂ ಕುಲುಕುತ್ತಿತ್ತು.

ಅವನು ಬಿರುಕನ್ನು ಅಗಲಿಸಿ, ಧೂಳು ಊದಿ, ಗಾರೆ ತುಂಬಿದ. ಒಣಗಲು ಬಿಟ್ಟು ಮೇಲೆ ಬಿಳಿ ವಾಟರ್‌ಪ್ರೂಫ್ ಬಣ್ಣ ಎಳೆದ. ಅವಳು ಒಂದೊಂದನ್ನೂ ಫೋಟೊ ತೆಗೆದು, ಅವನನ್ನೇ ಕೇಳಿ ಕೇಳಿ ಬ್ಲಾಗಿಗೆ ಬರೆದಳು. ಗಾರೆ ಒಣಗುವ ಮುಂಚೆ ಆತುರಪಟ್ಟು ಬಣ್ಣ ಹಚ್ಚಬೇಡಿ, ಕುಂಡದ ಕೆಳಗೆ ಇಟ್ಟಿಗೆ ಕೊಡಿ, ನೀರಿಗೆ ದಾರಿ ಬಿಡಿ. ಓದಿದವರಲ್ಲಿ ಯಾರೋ, "ಪೇಂಟರ್ ಅಣ್ಣನ ಕೈ ಚೆನ್ನಾಗಿದೆ" ಅಂತ ಬರೆದರು. ಓನರಮ್ಮ ಅದನ್ನು ಮೂರು ಸಲ ಓದಿಸಿಕೊಂಡು, "ಅಣ್ಣ ಅಂತೆ. ಮೂಗು ಒರೆಸಿ ಬೆಳೆಸಿದ್ದು ನಾನು" ಅಂದರು.

ತಾರಸಿ ಕೆಲಸ ಮುಗಿದ ಮಾರನೇ ದಿನವೂ ಅವನು ಬಂದ. ಕೈಯಲ್ಲಿ ಕುಂಚ ಇತ್ತು, ಹಚ್ಚಲು ಬಣ್ಣ ಇರಲಿಲ್ಲ. ಬಂದದ್ದು ಊಟದ ಹೊತ್ತಿಗೆ ಸರಿಯಾಗಿ.

ತಿಂಗಳು ಮುಗಿಯುತ್ತಾ ಬಂತು. ಮನೆ ಬಿಡುವ ಮಾತನ್ನು ಓನರಮ್ಮ ಎತ್ತಲಿಲ್ಲ. ಇವರೂ ಎತ್ತಲಿಲ್ಲ. "ಕೇಳೋದಾ?" ಅಂದ ಗಂಡ. "ಸುಮ್ನಿರ್ರೀ, ಮಲಗಿರೋದನ್ನ ಎಬ್ಬಿಸಬೇಡಿ" ಅಂದಳು ಅವಳು. ಅದೇ ಹೊತ್ತಿಗೆ ಕೆಳಗಿನಿಂದ ಕೂಗು ಬಂತು.

"ಡಿಸೈನರಮ್ಮ, ಇದ್ದೀಯಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವಳು ಕಿಟಕಿಯಿಂದ ಬಗ್ಗಿದಳು. "ಇದ್ದೀನಿ ಆಂಟಿ."

"ಬಿಡುವಾಗಿದ್ರೆ ಇಳಿದು ಬಾ. ಟಾರ್ಚ್ ತಗೊಂಡು ಬಾ. ಗ್ರಿಲ್ ಮುಗೀತಾ ಬಂತು. ಈ ಮನೇಲಿ ಇನ್ನೂ ಏನೇನು ಕೆಟ್ಟಿದೆ, ಪೂರ್ತಿ ನೋಡಿ ಹೇಳು. ಒಂದೂ ಬಿಡಬೇಡ."