ಮೋಟಾರು ಹೆಂಡತಿಗೆ ಕಳಿಸುತ್ತಿದ್ದ ಸಂದೇಶ

ಗುಡೂರಿನ ಹಾದಿಯಲ್ಲಿರುವ ನಮ್ಮ ಹೊಲದ ಬೋರ್‌ವೆಲ್ ಮೋಟಾರು ದಿನಾಲು ನನ್ನ ಹೆಂಡತಿಗೆ ಸಂದೇಶ ಕಳಿಸುತ್ತಿತ್ತು. ನನಗೆ ಕಳಿಸುತ್ತಿರಲಿಲ್ಲ. ಐವತ್ತು ದಾಟಿದ ಗಂಡಸು ಇಂಥದ್ದಕ್ಕೆ ಹೊಟ್ಟೆಕಿಚ್ಚು ಪಡಬಾರದು. ನಾನು ಪಟ್ಟೆ.

ಇಳಕಲ್ಲಿನ ಅಂಗಡಿಯವನು ಮೊಬೈಲ್ ಸ್ಟಾರ್ಟರ್ ಕೂಡಿಸಲು ಬಂದ ದಿನ ನನ್ನ ಫೋನು ಚಾರ್ಜಿಲ್ಲದೆ ಸತ್ತಿತ್ತು. ಕರೆಂಟು ಬಂದರೆ, ಹೋದರೆ, ಬೋರಿನಲ್ಲಿ ನೀರಿಳಿದು ಮೋಟಾರು ತಾನೇ ನಿಂತರೆ, ಆ ಪೆಟ್ಟಿಗೆ ತನ್ನೊಳಗಿನ ಸಿಮ್ಮಿನಿಂದ ಸಂದೇಶ ಕಳಿಸುತ್ತದೆ. ಮಾಲಕರ ನಂಬರ್ ಹೇಳ್ರಿ ಅಂದ. ಬುತ್ತಿ ಬಿಚ್ಚುತ್ತಿದ್ದ ಹೆಂಡತಿ ತನ್ನದನ್ನು ಹೇಳಿಬಿಟ್ಟಳು. ನಂಬರಿನದೇನು ಮಹಾ ಎಂದು ನಾನೂ ಬುತ್ತಿಗೆ ಕೂತೆ.

ಆಮೇಲೆ ಶುರುವಾಯಿತು. ಬಾಗಲಕೋಟೆಯ ಕಚೇರಿಯಿಂದ ನಾನು ಕಾಳಜಿಯಿಂದ ಫೋನ್ ಮಾಡುವಷ್ಟರಲ್ಲಿ ಹುನಗುಂದದ ಮನೆಯಲ್ಲಿ ಕೂತ ಅವಳು ಫೋನಿನಿಂದಲೇ ಮೋಟಾರು ಚಾಲು ಮಾಡಿ, ಉಳ್ಳಾಗಡ್ಡಿಗೆ ನೀರು ಹಾಯಿಸಿಯೂ ಆಗಿರುತ್ತಿತ್ತು. ಫೋನು ಟಣ್ ಎಂದರೆ ಓದಿ ಸಣ್ಣಗೆ ನಗುತ್ತಿದ್ದಳು. ಯಾರು ಎಂದರೆ, ಮೋಟರ್‌ರೀ ಅನ್ನುತ್ತಿದ್ದಳು. ಅದರಲ್ಲಿ ನಗುವಂಥದ್ದೇನಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಅದನ್ನೂ ತಡೆದುಕೊಳ್ಳುತ್ತಿದ್ದೆ. ಆದರೆ ಕರೆಂಟಿನ ಸುದ್ದಿಗೆ ಮೊದಲೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದ ಬಾಜೂ ಹೊಲದವನು ಒಂದು ರವಿವಾರ ಕಟ್ಟೆಯ ಮೇಲೆ ಕೂತ ನನ್ನನ್ನು ದಾಟಿ ಒಳಗೆ ಇಣುಕಿದ.

"ಅಕ್ಕಾರ ಅದಾರೇನ್ರಿ? ಕರೆಂಟಿಂದ ಕೇಳೋದಿತ್ತು."

ನಾ ಹೇಳ್ತೇನಿ ಕುಂದರು ಅಂದೆ.

"ನಿಮಗೇನ್ ಗೊತ್ರಿ ಸಾಹೇಬ್ರ, ನೀವೂ ಅವರನ್ನ ಕೇಳಾವ್ರಲ್ಲ?"

ಸ್ಟಾರ್ಟರಿಗೊಂದು ಆ್ಯಪ್ ಇದೆ, ಬಂದ ಸಂದೇಶವನ್ನು ಓದಿ ಹೇಳುತ್ತದೆ ಎಂದು ಅಂಗಡಿಯವನು ಹೇಳಿದ್ದು ನೆನಪಾಯಿತು. ಮರುದಿನ ಕಚೇರಿ ಮುಗಿಸಿ ಊರಿಗೆ ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಜನ ಕರದಂಟು ಕೊಳ್ಳಲು ಇಳಿದರು. ನಾನು ಆ್ಯಪ್ ಇಳಿಸಿಕೊಂಡೆ. ಸಂದೇಶ ಓದಲು ಅನುಮತಿಸಬೇಕೇ ಎಂದು ಕೇಳಿತು. ಮೋಟಾರಿನದನ್ನು ಓದುವುದು ಬ್ಯಾಂಕಿನದನ್ನು ಓದದೆ ಬಿಟ್ಟೀತೇ? ಗುಂಡಿ ಒತ್ತಿದೆ: ಅನುಮತಿಸಬೇಡಿ. ಸಂಪರ್ಕಗಳು? ಬೀಗರ ನಂಬರು ಕಟ್ಟಿಕೊಂಡು ಮೋಟಾರಿಗೇನಾಗಬೇಕು? ಅನುಮತಿಸಬೇಡಿ. ನಾನಿರುವ ಸ್ಥಳ? ಹೆಂಡತಿಯೇ ಕೇಳುವುದಿಲ್ಲ. ಅನುಮತಿಸಬೇಡಿ. ಆ್ಯಪ್ ಒಂದು ಮೋಟಾರಿನ ಚಿತ್ರ ತೋರಿಸಿ ಮೂಕವಾಗಿ ಕೂತಿತು.

ಕೆಲವು ದಿನ ಅಂಜಿಕೆ ಗೆದ್ದಿತು, ಆಮೇಲೆ ಹೊಟ್ಟೆಕಿಚ್ಚು. ಸೆಟ್ಟಿಂಗಿಗೆ ಹೋಗಿ, ಸಂದೇಶವೊಂದಕ್ಕೆ ಮಾತ್ರ ಅನುಮತಿ ಕೊಟ್ಟೆ. ಆದರೂ ಮಾತಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, ನಿಮ್ಮ ನಂಬರ್ ಪೆಟ್ಟಿಗೆಗೇ ಗೊತ್ತಿಲ್ಲಲ್ಲರಿ, ಮೊದಲನೇ ನಂಬರಿನಿಂದ ಒಂದು ಸಂದೇಶ ಹೋದರೆ ಮಾತ್ರ ಎರಡನೆಯದು ಸೇರುತ್ತದೆ ಅಂದ. ಏನು ಬರೆಯಬೇಕೆಂದೂ ಹೇಳಿಕೊಟ್ಟ.

ಅಂದರೆ ಫೋನಿಗೆ ನಾನು ಅನುಮತಿ ಕೊಟ್ಟರಷ್ಟೇ ಸಾಲದು, ನನಗೆ ಅವಳು ಕೊಡಬೇಕು. ಬಾಯಿಬಿಟ್ಟು ಕೇಳಲು ನಾಚಿಕೆ. ಅವಳು ರೊಟ್ಟಿ ಬಡಿಯುವ ಹೊತ್ತು ನೋಡಿ ಮೆಲ್ಲಗೆ ಅವಳ ಫೋನ್ ಎತ್ತಿಕೊಂಡೆ. ಬಡಿಯುವ ಸಪ್ಪಳ ನಿಂತಿತು.

"ಏನ್ ಹುಡಕಾಕತ್ತೀರಿ ಅದರಾಗ?"

ಮೋಟಾರಿಗೆ ನನ್ನ ನಂಬರ್ ಹಾಕಬೇಕಿತ್ತು ಅಂದೆ. ಹಿಟ್ಟಿನ ಕೈಯಲ್ಲೇ ಫೋನ್ ಇಸಿದುಕೊಂಡು, ನಾನು ಹೇಳಿದಂತೆ ಬರೆದು ಕಳಿಸಿದಳು.

"ಇಷ್ಟ್ ವರ್ಷದಾಗ ನಾ ಯಾರ್ ಕೂಡ ಮಾತಾಡಿದ್ರೂ ನಿಮಗ ಹೊಟ್ಟಿಕಿಚ್ಚು ಬರಲಿಲ್ಲ. ಮೋಟರ್ ಮಾತಾಡಿಸಿದ್ರ ಬಂತಲ್ಲ," ಎಂದು ಮತ್ತೆ ರೊಟ್ಟಿಗೆ ಕೂತಳು.

ಮರುದಿನ ಕಚೇರಿಯಲ್ಲಿ ನನ್ನ ಫೋನು, ಮೋಟಾರು ಚಾಲು ಆಗಿದೆ, ಎಂದು ಹೆಣ್ಣುದನಿಯಲ್ಲಿ ಕೂಗಿತು. ಯಾರೂ ಕೇಳದಿದ್ದರೂ ನಮ್ಮ ಹೊಲದ್ದು ಎಂದು ಎಲ್ಲರಿಗೂ ಹೇಳಿದೆ. ನೀರಿಲ್ಲದೆ ಮೋಟಾರು ನಿಂತಿದೆ ಎಂದು ಅದು ಕೂಗಿದ ದಿನ ಮಾತ್ರ ಊಟ ಸೇರಲಿಲ್ಲ. ಇಷ್ಟು ದಿನ ಇದನ್ನೆಲ್ಲ ಓದಿಯೂ ಅವಳು ಹೇಗೆ ಉಣ್ಣುತ್ತಿದ್ದಳೋ ಎಂದು ಅದಕ್ಕೂ ಕಿಚ್ಚಾಯಿತು.

ಮುಂದಿನ ರವಿವಾರ ಬಾಜೂ ಹೊಲದವನು ಬಂದ. ನಾನು ಫೋನ್ ಹಿಡಿದು ಕಟ್ಟೆಯ ಮೇಲೆ ತಯಾರಾಗಿಯೇ ಕೂತಿದ್ದೆ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ, ಅವರನ್ನ ಕೇಳ ತಮ್ಮಾ, ಈಗ ಅವರಿಗೂ ಬರ್ತದ ಅಂದಳು. ಕರೆಂಟು ಬಂದಿದೆ, ಮೂರೂ ಫೇಸ್ ಇದೆ ಎಂದು ನಾನು ನಿಧಾನವಾಗಿ ಓದಿ ಹೇಳಿದೆ. ಅವನು ಭಕ್ತಿಯಿಂದ ತಲೆಯಾಡಿಸಿದ. ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಬಾಗಿಲ ಕಡೆ ಕತ್ತು ಚಾಚಿ ಕೇಳಿದ:

"ಖರೆ ಏನ್ರಿ ಅಕ್ಕಾರ?"