ಫಕ್ರುಸಾಬನ ಬಾಡಿಗೆ ದನಿ

ಫಕ್ರುಸಾಬ ನದಾಫನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಅವನೇ ನಮ್ಮ ಓಣಿಯಲ್ಲಿ ಮತ ಕೇಳುತ್ತ ಹೋದ.

ನಾನು ಹಲ್ಲುಜ್ಜುತ್ತಿದ್ದೆ. "ರೋಣ ಮತಕ್ಷೇತ್ರದ ಸಮಸ್ತ ಮತಬಾಂಧವರೇ, ತಾಯಂದಿರೇ, ರೈತ ಮಿತ್ರರೇ" ಎಂಬ ದನಿ ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಬಾಗಿಲಿಗೆ ಓಡಿದೆ. ಆಟೋದ ನೆತ್ತಿಯ ಮೇಲೆ ಎರಡು ಹಾರ್ನು, ಬೆನ್ನಿಗೆ ಪ್ರೆಶರ್ ಕುಕ್ಕರಿನ ಚಿತ್ರ. ಒಳಗೆ ಚಾಲಕನ ಹೊರತು ಯಾರೂ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಉಳಿದಿದ್ದ ದನಿ ಅದು. ಗೊತ್ತಿದ್ದೂ ನಾನು ಆಟೋದ ಹಿಂದೆ ಓಣಿಯ ಕೊನೆಯವರೆಗೆ ಹೋದೆ.

ಫಕ್ರುಸಾಬನದು ಮೈಕ್‌ಸೆಟ್ ಬಾಡಿಗೆ ಕೊಡುವ ಕೆಲಸ. ಅವನ ಅಪ್ಪ ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದ. ಹಿಂಜಿದ ಹತ್ತಿ ಒಟ್ಟಿದ ಕೋಣೆಯಲ್ಲಿ ಅಪ್ಪ ಕೆಲಸ ಮಾಡುವಾಗ ಮಗ ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುತ್ತಿದ್ದ. ಶಾಲೆ ಏಳನೆಯ ಇಯತ್ತೆಗೆ ಬಿಟ್ಟರೂ ಪೇಪರಿನ ಕನ್ನಡ ಮತ್ತು ರೇಡಿಯೋದ ವಾರ್ತೆಯ ಕನ್ನಡ ಅವನ ಬಾಯಿಗೆ ಹತ್ತಿದವು. ಅಪ್ಪನ ನಂತರ ಗಾದಿಯ ಅಂಗಡಿ ಮೈಕಿನ ಅಂಗಡಿಯಾಯಿತು. ಆ ಕೋಣೆಯ ಹತ್ತಿಯನ್ನು ಮಾತ್ರ ಅವನು ಮಾರಲಿಲ್ಲ. ಗೋಡೆಗುಂಟ ಗಾದಿಗಳನ್ನು ನಿಲ್ಲಿಸಿ, ಬಾಗಿಲಿಗೆ ಕೌದಿ ಇಳಿಬಿಟ್ಟು, ಒಳಗೆ ಕೂತು ಮಾತಾಡಿದರೆ ಹೊರಗಿನ ಟ್ರ್ಯಾಕ್ಟರಿನ ಸದ್ದು ಕೂಡ ರೆಕಾರ್ಡಿನಲ್ಲಿ ಬರುತ್ತಿರಲಿಲ್ಲ. ಗದಗಿನಿಂದ ಬಂದವರೂ "ಇಷ್ಟು ಸ್ವಚ್ಛ ದನಿ ಹೆಂಗ ಬರತೈತ್ರಿ" ಎಂದು ಕೇಳುತ್ತಿದ್ದರು. "ನಮ್ಮಪ್ಪ ಹತ್ತಿ ಬಡದಾನ್ರಿ" ಎನ್ನುತ್ತಿದ್ದ.

ನಳದ ನೀರು ಯಾವಾಗ ಬರುತ್ತದೆ, ಯಾರ ಎತ್ತು ತಪ್ಪಿಸಿಕೊಂಡಿದೆ, ಲಸಿಕೆ ಎಲ್ಲಿ ಹಾಕುತ್ತಾರೆ ಎಂಬುದನ್ನೆಲ್ಲ ರೋಣದ ಜನ ಅವನ ಬಾಯಿಂದಲೇ ಕೇಳಿದ್ದು. ಮಲಪ್ರಭೆ ಹೊಳೆಮಣ್ಣೂರಿಗೆ ನುಗ್ಗಿದ ವರ್ಷ ಟ್ರ್ಯಾಕ್ಟರಿನ ಮೇಲೆ ಹಾರ್ನು ಕಟ್ಟಿಕೊಂಡು ಹೋಗಿ, ಗಂಟಲು ಹರಿಯುವವರೆಗೆ ಜನರನ್ನು ಎಬ್ಬಿಸಿದ್ದ. ಅದು ಅವನ ತಾಯಿಯ ತವರು. ಆಮೇಲೆ ಒಂದು ವಾರ ಅವನಿಗೆ ಮಾತೇ ಬರಲಿಲ್ಲ. ಅಡಿವೆವ್ವನ ಚಹಾದಂಗಡಿಯಲ್ಲಿ ಕೈಸನ್ನೆಯಲ್ಲೇ ನಮ್ಮನ್ನು ಬೈಯುತ್ತಿದ್ದ.

ಆ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ ಇದೆ. ಸಂಜೆಗೆ ನಾವು ನಾಲ್ವರು ಅಲ್ಲಿ ಕೂಡುತ್ತಿದ್ದೆವು. ನರಗುಂದ, ಗದಗ ಎಂದು ಉಳ್ಳಾಗಡ್ಡಿ ವ್ಯಾಪಾರಕ್ಕೆ ಓಡಾಡುವ ಮುತ್ತಣ್ಣ, ಶಿರೋಳದಲ್ಲಿ ಹೊಲ ಇರುವ ಗುರುಸಂಗಪ್ಪ, ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವ ನಾನು, ಮತ್ತು ಫಕ್ರುಸಾಬ. ಮುತ್ತಣ್ಣ ಒಂದು ದೊಡ್ಡ ಪಕ್ಷದ ಬೂತಿನ ಮುಖ್ಯಸ್ಥ. ಗುರುಸಂಗಪ್ಪ ಅದರ ಎದುರು ಪಕ್ಷದವನು. ಫಕ್ರುಸಾಬ ಎಲ್ಲರ ಪಕ್ಷದವನು. ಚುನಾವಣೆ ಬಂದರೆ ಎಲ್ಲರಿಗೂ ಅವನ ಮೈಕೇ ಬೇಕು, ಅವನ ದನಿಯೇ ಬೇಕು.

"ಏ ಫಕ್ರು, ಮುಂಜಾನಿ ನಮ್ಮ ಪಾರ್ಟಿಗೆ ವೋಟ್ ಹಾಕ್ರಿ ಅಂದಿ, ಮಧ್ಯಾಹ್ನ ಗುರುಸಂಗನ ಪಾರ್ಟಿಗೆ ಹಾಕ್ರಿ ಅಂದಿ, ಈಗ ಕುಕ್ಕರಿಗೆ ಅನ್ನಾಕ ಹೊಂಟಿ. ನಾಚಿಕಿ ಅನ್ನೂದು ಐತೇನಲೇ ನಿನಗ?" ಎಂದು ಈ ಸಲ ಮುತ್ತಣ್ಣ ಶುರು ಮಾಡಿದ್ದ.

"ಐತಿ. ಅದನ್ನ ಬಾಡಿಗಿ ಕೊಡಂಗಿಲ್ಲ. ದನಿ ಬಾಡಿಗೀದು, ವೋಟು ಸ್ವಂತದ್ದು."

"ಆ ಸ್ವಂತದ್ದು ಯಾರಿಗೆ ಹಾಕತಿ, ಅದನ್ನ ಹೇಳು," ಎಂದ ಗುರುಸಂಗಪ್ಪ.

"ಕಟಗೊಂಡ ಹೆಂಡ್ತಿ ಖಾಜಾಬಿಗೇ ಹೇಳಿಲ್ಲ. ನಿನಗೆ ಹೇಳ್ತೀನೇನು?"

"ಅಲ್ಲೋ, ಆ ಕುಕ್ಕರಿನಾಂವ ಪಕ್ಷೇತರ. ಡಿಪಾಜಿಟ್ಟರ ಉಳಿಸ್ಕೋತಾನೇನು?" ಎಂದ ಮುತ್ತಣ್ಣ.

"ಅಂವ ಗೆಲ್ಲಾಕ ನಿಂತಿಲ್ಲೋ ಮಾರಾಯಾ. ಮಾವನ ಮನ್ಯಾಗ ಕುಂದ್ರು ಅನ್ನವರು ಯಾರೂ ಇಲ್ಲ, ಅದಕ್ಕ ಎಲೆಕ್ಷನ್ನಿಗೆ ನಿಂತಾನ."

ಅಡಿವೆವ್ವ ಕೂಡ ಚಹಾ ಸೋಸುವುದನ್ನು ಬಿಟ್ಟು ನಕ್ಕಳು.

ಮಾತು ಯಾವಾಗಲೂ ನಗುವಿನಲ್ಲೇ ನಿಲ್ಲುತ್ತಿರಲಿಲ್ಲ. ಮುತ್ತಣ್ಣ, ಗುರುಸಂಗಪ್ಪ ಇಬ್ಬರೂ ಬಿಸಿ ತಲೆಯವರು. ಕಾಲುವೆ ನೀರಿನ ಮಾತು ಬಂದರೆ ಅಪ್ಪ ಅಜ್ಜಂದಿರನ್ನೂ ಎಳೆದು ತರುತ್ತಿದ್ದರು. ದನಿ ಏರುತ್ತಿದ್ದಂತೆ ಫಕ್ರುಸಾಬ ಎದ್ದು ನಿಂತು, ಮುಷ್ಟಿಯನ್ನು ಮೈಕಿನಂತೆ ಬಾಯಿಗೆ ಹಿಡಿದು, ತನ್ನ ರೇಡಿಯೋ ಕನ್ನಡದಲ್ಲಿ ಘೋಷಿಸುತ್ತಿದ್ದ. "ಸಾರ್ವಜನಿಕರ ಗಮನಕ್ಕೆ. ಉಳ್ಳಾಗಡ್ಡಿ ವ್ಯಾಪಾರಿ ಮುತ್ತಣ್ಣನವರ ಬುದ್ಧಿಯು ಬಸ್ ನಿಲ್ದಾಣದ ಆವರಣದಲ್ಲಿ ಕಳೆದುಹೋಗಿದ್ದು, ಸಿಕ್ಕವರು ದಯವಿಟ್ಟು ಅವರ ಧರ್ಮಪತ್ನಿಯವರಿಗೆ ತಲುಪಿಸಬೇಕಾಗಿ ವಿನಂತಿ. ಗುರುಸಂಗಪ್ಪನವರದು ಮೊದಲಿನಿಂದಲೂ ಇರದ ಕಾರಣ ಹುಡುಕುವ ಅಗತ್ಯವಿರುವುದಿಲ್ಲ." ಬಸ್ಸಿಗೆ ಕಾಯುವವರು ತಿರುಗಿ ನೋಡುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಕುಕ್ಕರಿನ ರೆಕಾರ್ಡು ಮಾಡಿದ ಮಧ್ಯಾಹ್ನ ನಾನೂ ಮುತ್ತಣ್ಣನೂ ಮನೆಗೆ ಹೊಂದಿಕೊಂಡ ಅವನ ಅಂಗಡಿಯ ಕಟ್ಟೆಯ ಮೇಲಿದ್ದೆವು. ಅಭ್ಯರ್ಥಿಯ ಕಡೆಯ ದುರ್ಗೇಶ "ಲಗೂ ಆಗಲ್ರಿ, ಮೂರೂ ಆಟೋ ನಿಂತಾವ" ಎಂದು ಅವಸರ ಮಾಡುತ್ತಿದ್ದ. ಫಕ್ರುಸಾಬ ಹತ್ತಿಯ ಕೋಣೆಗೆ ಹೋಗಿ, ಕೌದಿ ಎಳೆದುಕೊಂಡು, ಒಂದೇ ಉಸಿರಿನಲ್ಲಿ ಎಂಬಂತೆ ಮುಗಿಸಿದ. ಯಾವಾಗಲೂ ತಾನೇ ಕೂತು ಕೇಳಿ, ಹಿಂದುಮುಂದಿನದನ್ನು ಕತ್ತರಿಸಿ ಕೊಡುವವನು. ಅಂದು ದುರ್ಗೇಶ ಬಿಡಲಿಲ್ಲ. ಮಶಿನಿನಿಂದ ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ ಮೂರು ಆಟೋಗೂ ಹಾಕಿಸಿದ.

ಆಟೋ ಹೊರಟ ಮೇಲೆ ಗೊತ್ತಾಯಿತು. "ನಿಮ್ಮ ಅಮೂಲ್ಯ ಮತ ಪ್ರೆಶರ್ ಕುಕ್ಕರಿಗೆ" ಎಂದು ಮುಗಿದ ಮೇಲೆ, ಒಂದು ಕ್ಷಣ ಬಿಟ್ಟು, ಅದೇ ಹಾರ್ನಿನಲ್ಲಿ ಬೇರೆಯೇ ದನಿ ಬಂತು. ಮನೆಯ ದನಿ.

"ಖಾಜಾ, ಆತು. ಚಹಾ ಇಡು."

ಊರೆಲ್ಲ ನಕ್ಕಿತು. ಫಕ್ರುಸಾಬ ತಲೆ ಚಚ್ಚಿಕೊಂಡ. ನಾಳೆ ತಿದ್ದಿ ಕೊಡುತ್ತೇನೆಂದ. ಮರುದಿನ ಬೆಳಿಗ್ಗೆ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ಗದಗಿನ ದವಾಖಾನೆ ಮುಟ್ಟಲಿಲ್ಲ.

ಆಮೇಲೆ ಆ ಆಟೋ ಬಂದರೆ ಯಾರೂ ನಗುತ್ತಿರಲಿಲ್ಲ. ಅಡಿವೆವ್ವ ಕೆಟಲಿನ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದಳು. ನಾವು ಮೂವರೂ ಸಂಜೆಗೆ ಹೋಗಿ ಕೂರುತ್ತಿದ್ದೆವು, ಮಾತು ಹತ್ತುತ್ತಿರಲಿಲ್ಲ. ಮುತ್ತಣ್ಣನ ಪಕ್ಷದ ದೊಡ್ಡವರೊಬ್ಬರು ಬಂದು ಭಾಷಣ ಮಾಡಿ ಹೋದರು. ಗುರುಸಂಗಪ್ಪ ಒಂದು ಕೊಂಕು ಕೂಡ ಆಡಲಿಲ್ಲ. ಅಷ್ಟು ಸಭ್ಯರಾಗಿ ನಾವು ಯಾವತ್ತೂ ಕೂತಿರಲಿಲ್ಲ. ಗೆಳೆಯ ಸತ್ತರೆ ಅಳು ಬರುತ್ತದೆಂದು ಓದಿದ್ದೆ, ಕಂಡಿದ್ದೆ. ಬೈಗಳು ನಿಂತುಹೋಗುತ್ತವೆ ಎಂದು ಯಾರೂ ಹೇಳಿರಲಿಲ್ಲ.

ಅದನ್ನು ತಡೆಯಲಾರದೆ ಒಂದು ಸಂಜೆ ಮುತ್ತಣ್ಣನೇ ಬಾಯಿ ತೆರೆದ. ದುರ್ಗೇಶ ಚಹಾಕ್ಕೆ ಬಂದಿದ್ದ. "ಏನಪಾ, ನಿಮ್ಮ ಸಾಹೇಬ್ರು ಗೆದ್ರ ರೋಡ್ ಮಾಡ್ತಾರೋ, ನೀರ್ ಕೊಡ್ತಾರೋ? ಮಂದೀಗೆ ಚಹಾ ಇಡ್ರಿ ಅನ್ನಾಕತ್ತಾರಲ್ಲ?" ಎಂದ. ಫಕ್ರುಸಾಬ ಇದ್ದಿದ್ದರೆ ಹೀಗೇ ಅನ್ನುತ್ತಿದ್ದ ಎಂದು ಅವನ ಎಣಿಕೆ. ಗುರುಸಂಗಪ್ಪ ಅರೆಮನಸ್ಸಿನಿಂದ ನಕ್ಕ. ದುರ್ಗೇಶ ನಗಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ.

ಮರುದಿನದಿಂದ ಊರಿನ ಆಟೋಗಳು "ಪ್ರೆಶರ್ ಕುಕ್ಕರಿಗೆ" ಎಂಬಲ್ಲಿಗೆ ದನಿ ನಿಲ್ಲಿಸತೊಡಗಿದವು. ಕೊನೆಯ ಮಾತನ್ನು ದುರ್ಗೇಶ ಕತ್ತರಿಸಿ ತೆಗೆಸಿದ್ದ.

ಬಹಿರಂಗ ಪ್ರಚಾರದ ಕಡೆಯ ದಿನ ನಾನು ಖಾಜಾಬಿಯನ್ನು ಮಾತಾಡಿಸಲು ಹೋದೆ. ಗಂಡ ತೀರಿದ ಮೇಲೆ ಹೊಸ್ತಿಲು ದಾಟದೆ ಕಳೆಯುವ ಇದ್ದತ್ತಿನ ದಿನಗಳು ಅವು. ಅವಳು ಪರದೆಯ ಆಚೆ ಕೂತಿದ್ದಳು. ನಾನು ಪಡಸಾಲೆಯಲ್ಲಿ.

"ಅಣ್ಣಾರ, ಒಂದ ಮಾತ ಕೇಳ್ಲಿ? ಆಟೋ ಬರತೈತಿ, ಅವ್ರು ಎಲ್ಲಾ ಅಂತಾರ. ಕಡೀಕ ಅದೊಂದ ಮಾತು ಈಗ ಅನವಲ್ಲರು. ಯಾಕ್ರಿ?"

"ಅದು ತಪ್ಪಿ ಬಿದ್ದದ್ದಲ್ಲವಾ, ತಗದಿರಬೇಕು," ಎಂದೆ.

ಅವಳು ಪರದೆಗೆ ಇನ್ನಷ್ಟು ಹತ್ತಿರ ಸರಿದಳು.

"ಅವತ್ತ ಅವ್ರು ಹಂಗ ಅಂದಾಗ ನಾ ಚಹಾ ಇಟ್ಟಿದ್ದಿಲ್ರಿ. 'ಈಗರ ಕುಡದೀರಿ, ಎಷ್ಟ ಸಲ ಒಲಿ ಹಚ್ಚಲಿ' ಅಂದೆ. ನಿಮ್ಮ ಕೂಡ ಅಡಿವೆವ್ವನ ಅಂಗಡಿಗೆ ಹೋದ್ರು. ತೀರಿದ ಮ್ಯಾಲೂ ಆಟೋ ಬಂದಾಗೊಮ್ಮೆ ಕೇಳೋರು, ನಾ ಇಡತಿದ್ದೆ. ಎಲೆಕ್ಷನ್ ಮುಗದ್ರ ಇದೂ ಮುಗೀತದ, ಗೊತ್ತದ ನನಗ. ಆದ್ರ ಇನ್ನೊಮ್ಮಿ ಕೇಳಿದ್ರ ಆಗ್ತಿತ್ತು. ನನಗ ಹೊರಗ ಬರಾಕ ಬರಂಗಿಲ್ಲ. ಅವ್ರೇ ಬರಬೇಕು."

ಅಲ್ಲಿಂದ ನೇರ ಅಡಿವೆವ್ವನ ಅಂಗಡಿಗೆ ಬಂದು ಇಬ್ಬರಿಗೂ ಹೇಳಿದೆ. ಮುತ್ತಣ್ಣ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟ. ದುರ್ಗೇಶನಿಗೆ ಫೋನು ಹಚ್ಚಿದ. "ಹಳೇದು ಅಳಿಸೇನ್ರಿ. ಮೂರನೇ ಆಟೋ ಗಜೇಂದ್ರಗಡದ ಕಡೆ ಐತಿ, ಸಾಜೀದ ಅಂತ. ಅಂವ ಹೆಂಡತಿ ಮನ್ಯಾಗ ವಸ್ತಿ ಅದಾನ, ಬದಲಿ ಮಾಡಾಕ ಇನ್ನೂ ಬಂದಿಲ್ಲ," ಎಂದ ಅವನು. ಸಾಜೀದ ಫೋನು ಎತ್ತಲಿಲ್ಲ. ತಲೆಯ ಮೇಲೆ ಹಾರ್ನು ಕೂಗುವಾಗ ಅವನಿಗೆ ಫೋನು ಎಲ್ಲಿ ಕೇಳಬೇಕು?

ಸಂಜೆ ಆರಕ್ಕೆ ಎಲ್ಲ ಮೈಕೂ ಬಂದಾಗಬೇಕು. ಆಗಲೇ ಮಧ್ಯಾಹ್ನದ ಊಟದ ಹೊತ್ತು. ಮುತ್ತಣ್ಣ ಕಡೆಯ ಮೆರವಣಿಗೆಗೆ ಜನ ಕೂಡಿಸಬೇಕಿತ್ತು. ಗುರುಸಂಗಪ್ಪನಿಗೂ ಅವನ ಪಕ್ಷದ ಬೈಕ್ ರ‍್ಯಾಲಿ ಇತ್ತು. ಎರಡನ್ನೂ ಬಿಟ್ಟು ಇಬ್ಬರೂ ಮುತ್ತಣ್ಣನ ಉಳ್ಳಾಗಡ್ಡಿಯ ಗಾಡಿ ಹತ್ತಿದರು. ನಾನು ನಡುವೆ ಕೂತೆ.

ಊರು ದಾಟಿದ ಮೇಲೆ ಗುರುಸಂಗಪ್ಪ ಎಂದ, "ಗಾಡೀ ಮುಂದ ನಿಮ್ಮ ಬಾವುಟ ಐತೆಲ್ಲೋ. ನಾ ಇದರಾಗ ಕುಂತದ್ದ ನಮ್ಮವರು ಕಂಡ್ರ ನನ್ನ ಕಥಿ ಮುಗೀತು."

"ಇಳದ ಓಡಕೋತ ಬಾ. ನಿಮ್ಮ ಪಾರ್ಟೀ ಸ್ಪೀಡ್ ಅಷ್ಟ ಐತಿ."

"ನಿಮ್ಮವರು ಹಾಕಿಸಿದ ರೋಡಿನ್ಯಾಗ ಓಡಿದ್ರ ಕಾಲ ಮುರೀತಾವ."

"ರೋಡ್ ನಮ್ಮದಲ್ಲಲೇ, ನಿಮ್ಮ ಕಾಲದ್ದು!"

"ತೆಗ್ಗು ನಿಮ್ಮ ಕಾಲದ್ದು!"

ಗಾಳಿಯಂತ್ರಗಳು ತಿರುಗುತ್ತಿರುವ ಗುಡ್ಡ ಕಾಣುವವರೆಗೆ ಇಬ್ಬರೂ ಬೈದಾಡಿದರು. ಆಮೇಲೆ ಒಮ್ಮೆಲೇ ಇಬ್ಬರೂ ಸುಮ್ಮನಾದರು. ದನಿ ಏರಿತ್ತು. ನಡುವೆ ಎದ್ದು ನಿಲ್ಲುವವನು ಇರಲಿಲ್ಲ.

ಸಾಜೀದ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಬಳಿ ಆಟೋದ ನೆರಳಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ. ನಾವು ಓಡಿಬಂದ ರೀತಿಗೆ ಹೊಡೆಯಲು ಬಂದವರೆಂದು ತಿಳಿದು ಎದ್ದು ನಿಂತ. ಮುತ್ತಣ್ಣ ಏದುಸಿರಿನಲ್ಲಿ, "ಹಾಡಸು, ಕಡೀತನಕ ಹಾಡಸು," ಎಂದ. ಸಾಜೀದ ಹೆದರುತ್ತಲೇ ಗುಂಡಿ ಒತ್ತಿದ. ಮತಬಾಂಧವರೇ, ತಾಯಂದಿರೇ, ಎಲ್ಲ ಬಂತು. ಕೊನೆಗೆ ಅದೂ ಬಂತು.

ಗುರುಸಂಗಪ್ಪ ಕಣ್ಣೊರೆಸಿಕೊಂಡು ಫೋನು ತೆಗೆದ. "ಇದರಾಗ ತುಂಬಿಕೊಂಡ ಹೋಗೂಣು. ಅಕಿ ಬೇಕಾದಾಗ ಕೇಳ್ತಾಳ."

"ಬ್ಯಾಡಲೇ," ಎಂದ ಮುತ್ತಣ್ಣ. "ಫೋನಿನ್ಯಾಗ ಆದ್ರ ನಾವು ಒತ್ತಬೇಕು, ಅಂವ ಅನಬೇಕು. ಅಕಿ 'ಅವ್ರೇ ಬರಬೇಕು' ಅಂದಾಳ. ಆಟೋನ ಹೋಗಲಿ."

ಸಾಜೀದನಿಗೆ ಎಲ್ಲ ಹೇಳಿದೆವು. ಮಂಡಕ್ಕಿಯ ಪೊಟ್ಟಣ ಮಡಚಿ ಕಿಸೆಗಿಟ್ಟು, "ಫಕ್ರುಚಾಚಾಗ ಇಷ್ಟ ಮಾಡದಿದ್ರ ಹ್ಯಾಂಗ್ರಿ," ಎಂದ.

ದಾರಿಯಲ್ಲಿ ನಿಲ್ಲಬಾರದೆಂದು ಮುತ್ತಣ್ಣ ಅವನ ಪಕ್ಕದಲ್ಲೇ ಕೂತ. ಗುರುಸಂಗಪ್ಪ ಮುತ್ತಣ್ಣನ ಗಾಡಿ ನಡೆಸಿದ. ಅಂದರೆ ಆ ಸಂಜೆ ಒಂದು ಪಕ್ಷದ ಬೂತ್ ಮುಖ್ಯಸ್ಥ ಕುಕ್ಕರಿನ ಆಟೋದಲ್ಲಿ ಮುಂದೆ, ಎದುರು ಪಕ್ಷದವನು ಅವನ ಬಾವುಟದ ಗಾಡಿಯಲ್ಲಿ ಹಿಂದೆ. ರೋಣದ ಹೊರಗೆ ಮುತ್ತಣ್ಣನದೇ ಮೆರವಣಿಗೆ ಎದುರಾಯಿತು. ಅವನು ಕೂಡಿಸಬೇಕಿದ್ದ ಜನ ಅವನಿಲ್ಲದೆ ಹೊರಟಿದ್ದರು. "ಏ, ಮುತ್ತಣ್ಣ ಕುಕ್ಕರಿನ್ಯಾಗ ಬಿದ್ದಾನ ನೋಡ್ರೋ!" ಎಂದು ಯಾರೋ ಕೂಗಿದರು. ಸೀಟಿ ಹೊಡೆದರು. ಬೇರೆ ದಿನವಾಗಿದ್ದರೆ ಇಳಿದು ಕೊರಳಪಟ್ಟಿ ಹಿಡಿಯುತ್ತಿದ್ದ ಮುತ್ತಣ್ಣ ಅಂದು ಮುಂದೆ ನೋಡುತ್ತ ಕೂತೇ ಇದ್ದ. ಪೊಲೀಸರು ಗಾಜಿಗೆ ಅಂಟಿಸಿದ ಪರವಾನಗಿ ನೋಡಿದರು, ಗಡಿಯಾರ ನೋಡಿದರು, ಬಿಟ್ಟರು. ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಮಸೀದಿಯ ತಿರುವಿನಲ್ಲಿ ಸಾಜೀದ ಗುಂಡಿ ಒತ್ತಿದ. ನಾವು ಗಾಡಿ ಅಲ್ಲೇ ನಿಲ್ಲಿಸಿ ಆಟೋದ ಹಿಂದೆ ನಡೆದೆವು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಫಕ್ರುಸಾಬ ದೂರದಿಂದ ಹತ್ತಿರ ಬರುತ್ತ ಕುಕ್ಕರಿನ ಗುಣಗಾನ ಮಾಡಿದ. ನೀರು, ರಸ್ತೆ, ಬೆಳೆವಿಮೆ ಎಲ್ಲ ಕೊಡಿಸುವುದಾಗಿ ಹೇಳಿದ. ಒಂದನ್ನೂ ಅವನು ನಂಬಿರಲಿಲ್ಲ. ಆದರೂ ದನಿಯಲ್ಲಿ ಒಂದು ಅಕ್ಷರದ ಉದಾಸೀನವೂ ಇರಲಿಲ್ಲ. ಎಲ್ಲರಿಗೂ ಹಾಗೇ ಮಾತಾಡಿದವನು.

ಆಟೋ ಮನೆಯ ಮುಂದೆ ಬಂದಾಗ ಸಾಜೀದ ಬ್ರೇಕು ಹಾಕಿದ. ಪರದೆ ಅಲುಗಲಿಲ್ಲ.

"ನಿಮ್ಮ ಅಮೂಲ್ಯ ಮತ ಪ್ರೆಶರ್ ಕುಕ್ಕರಿಗೆ."

ಒಂದು ಕ್ಷಣದ ಖಾಲಿ.

"ಖಾಜಾ, ಆತು. ಚಹಾ ಇಡು."

ಸಾಜೀದ ಮಶಿನು ಆರಿಸಿದ. ಮೇನ್ ರೋಡಿನ ಹಾರ್ನುಗಳೂ ಒಂದೊಂದಾಗಿ ನಿಲ್ಲುತ್ತಿದ್ದವು. ಊರು ಎಷ್ಟೋ ದಿನಗಳ ಮೇಲೆ ಸದ್ದಿಲ್ಲದಂತಾಯಿತು. ಒಳಗೆ ಪಾತ್ರೆಗೆ ನೀರು ಸುರಿದ ಸಪ್ಪಳ ಕೇಳಿತು. ಒಲೆ ಹೊತ್ತಿತು.

"ಇಟ್ಟೀನ್ರಿ," ಎಂದಳು ಖಾಜಾಬಿ, ದಿನಾ ಅನ್ನುವ ದನಿಯಲ್ಲಿ. "ಬರ್ರಿ ಒಳಗ."

ತನ್ನನ್ನೇ ಕರೆದಳೆಂದು ಸಾಜೀದ ಆಟೋದಿಂದ ಇಳಿಯಹೋದ. ಮುತ್ತಣ್ಣ ಅವನ ತೋಳು ಹಿಡಿದು, ಮೆಲ್ಲಗೆ ಕೂರಿಸಿದ.