ಕೊನೆಯ ಸಾಲಿನಿಂದ ಓದಿಸುವ ಪರದೆಯಕ್ಕ

ಬೆಳಕು ಆಗಷ್ಟೇ ಹರಿದಿದೆ. ಆಸ್ಪತ್ರೆಯ ಸಭಾಂಗಣದ ಕುರ್ಚಿಗಳೆಲ್ಲ ಖಾಲಿ. ಸುಟ್ಟಗಾಯದ ವಾರ್ಡಿನ ನರ್ಸ್ ಕೊನೆಯ ಸಾಲಿನಲ್ಲಿ ನಿಂತು, ಪರದೆಯ ಮೇಲಿರುವ ತಮ್ಮದೇ ಸ್ಲೈಡನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಕಂಪ್ಯೂಟರಿನ ಮುಂದೆ ಕುಳಿತಾಕೆಯ ಕಣ್ಣು ಪರದೆಯ ಮೇಲಿಲ್ಲ, ನರ್ಸಿನ ಮುಖದ ಮೇಲಿದೆ.

ಕಂಪ್ಯೂಟರಿನ ಮುಂದಿರುವ ಇವರನ್ನು ಎಲ್ಲರೂ ಕರೆಯುವುದು ಪರದೆಯಕ್ಕ ಎಂದೇ. ಮಾತಾಡಲು ಬರುವವರ ಸ್ಲೈಡುಗಳು ಅವರ ಮನೆಯಲ್ಲಿ ಕಂಡಂತೆಯೇ ಇಲ್ಲೂ ಕಾಣುವಂತೆ ನೋಡಿಕೊಳ್ಳುವುದು ಇವರ ಕೆಲಸ. ಫಾಂಟ್, ಅಂದರೆ ಅಕ್ಷರದ ಅಚ್ಚು, ಒಂದು ಕಂಪ್ಯೂಟರಿನಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಬೇಕೆಂದೇನಿಲ್ಲ. ಇಲ್ಲದಿದ್ದರೆ ಯಂತ್ರ ತನಗೆ ತೋಚಿದ್ದನ್ನು ತುರುಕುತ್ತದೆ. ಸಾಲು ಹಿಗ್ಗಿ ಚಿತ್ರದ ಮೇಲೆ ಹತ್ತುತ್ತದೆ.

"ಪರ ಊರಿಗೆ ಹೊರಟೋರು ಬಟ್ಟೆ ಕಟ್ಕೊಳ್ಳಲ್ವಾ? ಹಾಗೇ ಫಾಂಟನ್ನೂ ಫೈಲಿನೊಳಗೇ ಸೇರಿಸಿ ತನ್ನಿ ಅಂತೀನಿ. ತಲೆ ಆಡಿಸ್ತಾರೆ, ಆಮೇಲೆ ಬರಿಗೈಲಿ ಬರ್ತಾರೆ."

ಮೊದಲು ಗಂಡನ ಜೊತೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು ಇವರು. ಗಂಡ ಗೆರೆ ಎಳೆದರೆ ಬಣ್ಣ ತುಂಬುವುದು ಇವರ ಪಾಲು. ಅಚ್ಚಾದ ಬೋರ್ಡುಗಳು ಬಂದವು, ಕುಂಚ ಮೂಲೆ ಸೇರಿತು. ಇಲ್ಲಿಗೆ ಸೇರಿದ ಹೊಸತರಲ್ಲಿ ಅಕ್ಷರ ಕೆಟ್ಟಾಗಲೆಲ್ಲ ಬೈಸಿಕೊಂಡವರೂ ಇವರೇ. ಈಗ ದಿನಕ್ಕೆ ಹತ್ತು ಹದಿನೈದು ಫೈಲು ಇವರ ಕೈದಾಟಿ ಹೋಗುತ್ತವೆ. ಬೋರ್ಡು ಬರೆದು ಮುಗಿಸಿ, ಅಂಗಡಿಯವನನ್ನು ರಸ್ತೆಯಾಚೆ ನಿಲ್ಲಿಸಿ ಓದಿಸುತ್ತಿದ್ದ ಅಭ್ಯಾಸ ಮಾತ್ರ ಬಿಟ್ಟಿಲ್ಲ.

"ಸ್ಲೈಡಲ್ಲಿ ಏನು ಕಾಣೆಯಾಗಿದೆ ಅಂತ ಅದನ್ನ ಬರೆದೋರಿಗೆ ತಾನೇ ಗೊತ್ತು?"

ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ಕೊಡಿ ಎಂದು ಇವರು ಇವತ್ತು ಆಡಳಿತ ಸಮಿತಿಯನ್ನು ಕೇಳಬೇಕು. ಹೋದ ಸಲ ಬಾಯಿಮಾತಲ್ಲಿ ಕೇಳಿದಾಗ ಪುರಾವೆ ತೋರಿಸಿ ಎಂದು ಕಳಿಸಿದ್ದರಂತೆ. ಅದಕ್ಕೇ ಈ ಪಟ್ಟಿ: ಇಬ್ಬರಿದ್ದ ರಾತ್ರಿಗೆ ಸರಿ ಗುರುತು, ಒಬ್ಬರೇ ಇದ್ದ ರಾತ್ರಿಗೆ ತಪ್ಪು ಗುರುತು. ಓದುತ್ತಿದ್ದ ದನಿ ಅಲ್ಲಿಗೆ ಬಂದು ನಿಲ್ಲುತ್ತದೆ.

"ಅಕ್ಕಾ, ಎಲ್ಲ ಒಂದೇ ಥರ ಖಾಲಿ ಡಬ್ಬಿ ಆಗಿದೆಯಲ್ಲ. ಇದನ್ನ ತೋರಿಸಿದ್ರೆ ನಕ್ಕು ಕಳಿಸ್ತಾರೆ."

ಗುರುತುಗಳ ಫಾಂಟ್ ಉಳಿದಿರುವುದು ನರ್ಸಿನ ಮನೆಯ ಕಂಪ್ಯೂಟರಿನಲ್ಲಿ. ಹೋಗಿ ಬರಲು ಹೊತ್ತಿಲ್ಲ. ಪರದೆಯಕ್ಕ ಗಾಬರಿಯಾಗುವುದಿಲ್ಲ. ಆ ಡಬ್ಬಿಗಳಿಗೆ ಎಲ್ಲ ಕಂಪ್ಯೂಟರಿನಲ್ಲೂ ಇರುವ ಫಾಂಟ್ ಕೊಟ್ಟು ನೋಡುತ್ತಾರೆ. ಒಳಗೆ ಅವಿತಿದ್ದ ಎರಡು ಬಗೆಯ ಅಕ್ಷರ, ಸರಿ ಗುರುತಿಗೊಂದು ತಪ್ಪು ಗುರುತಿಗೊಂದು, ಹೊರಬರುತ್ತವೆ. ಇನ್ನು ಈ ಗುರುತಿನ ಸಹವಾಸವೇ ಬೇಡ ಎಂದು, ಯಾವುದು ಯಾವ ರಾತ್ರಿಯದೆಂದು ನರ್ಸನ್ನೇ ಕೇಳಿ, ಒಂದರ ಜಾಗಕ್ಕೆ "ಇಬ್ಬರು", ಇನ್ನೊಂದರ ಜಾಗಕ್ಕೆ "ಒಬ್ಬರೇ" ಎಂದು ತುಂಬಿ, ಮತ್ತೆ ಓದಮ್ಮ ಎನ್ನುತ್ತಾರೆ.

"ಒಬ್ಬರೇ, ಒಬ್ಬರೇ, ಇಬ್ಬರು, ಒಬ್ಬರೇ, ಒಬ್ಬರೇ..." ಓದುತ್ತ ಓದುತ್ತ ನರ್ಸಿನ ದನಿ ಗಟ್ಟಿಯಾಗುತ್ತದೆ.

ಊಟದ ಹೊತ್ತಿಗೆ ಸಮಿತಿ ಒಪ್ಪಿದ ಸುದ್ದಿ ಬರುತ್ತದೆ. ಪರದೆಯಕ್ಕ ಆಗಲೇ ಮುಂದಿನವರ ಫೈಲು ತೆರೆದಿದ್ದಾರೆ. ನರ್ಸ್ ಹೇಗೆ ಮಾತಾಡಿದರು ಎಂದು ಕೇಳಿದರೆ ನಗುತ್ತಾರೆ.

"ಮಾತು ನಾನೆಲ್ಲಿ ಕೇಳ್ತೀನಿ? ಅಕ್ಷರ ಕಾಯ್ತಾ ಇರ್ತೀನಿ. ಒಂದೂ ಅಲುಗಲಿಲ್ಲ, ಅಷ್ಟು ನೋಡ್ದೆ."